ಊದ್ ಮೇಥಾದಲ್ಲಿ ಎರಡನೆಯ ಚಾರ್ಲ್ಸ್

ಆಗಸ್ಟ್ 30, 2025, ಶನಿವಾರ

ನಾಟಕ ಬರೆದು ಮುಗಿಸಿದೆ. ಕೊನೆಯ ಸಾಲಿಗೆ ಪೂರ್ಣವಿರಾಮ ಇಟ್ಟು ಹಾಲಿಗೆ ಬಂದರೆ ನನ್ನ ಗಂಡ ರಘುನಂದನ ಸೋಫಾದ ಮೇಲೆ ಕಾಲು ಚಾಚಿಕೊಂಡು ಕ್ರಿಕೆಟ್ ನೋಡುತ್ತಿದ್ದ. "ಮುಗೀತು ಕಣೋ" ಅಂದೆ. "ಎಲ್ಲಿ ಮುಗೀತು, ಇನ್ನೂ ಎಂಟು ಓವರ್ ಇದೆ" ಅಂದ. ನನ್ನ ಸಾಹಿತ್ಯಕ್ಕೆ ಈ ಮನೆಯಲ್ಲಿ ಸಿಕ್ಕ ಮೊದಲ ವಿಮರ್ಶೆ ಇದು.

ಮೈಸೂರಿನಲ್ಲಿ ಎಂ.ಫಿಲ್. ಮಾಡುವಾಗ ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಯ ಕಾಲದ ಬರಹಗಾರ್ತಿಯರನ್ನು ಓದಿಕೊಂಡಿದ್ದೆ. ಮದುವೆಯಾಗಿ ದುಬೈಗೆ ಬಂದು ಕಾರ್ಗೋ ಆಫೀಸಿನಲ್ಲಿ ಇನ್‌ವಾಯ್ಸ್ ತಿದ್ದುತ್ತ ಕುಳಿತ ಮೇಲೆ ಆ ಹೆಂಗಸರ ಬಗ್ಗೆ ನನ್ನನ್ನು ಯಾರೂ ಒಂದು ಮಾತು ಕೇಳಿಲ್ಲ. ಈ ವರ್ಷ ಕನ್ನಡ ಬಳಗದವರು ರಾಜ್ಯೋತ್ಸವಕ್ಕೆ ಹೊಸ ನಾಟಕ ಬೇಕು ಅಂದಾಗ ಕೈ ಎತ್ತಿಬಿಟ್ಟೆ.

ನನ್ನ ನಾಟಕದಲ್ಲಿ ಇಬ್ಬರು ಬರಹಗಾರ್ತಿಯರು. ಹೆಸರಿಟ್ಟಿಲ್ಲ. ಒಬ್ಬಳು ಡಚೆಸ್, ಪುಸ್ತಕದ ಮೇಲೆ ಪುಸ್ತಕ ಬರೆಯುವವಳು. ಇನ್ನೊಬ್ಬಳು ಗೂಢಚಾರಿಣಿ. ದೊರೆಯ ಕೆಲಸಕ್ಕೆಂದು ಪರದೇಶಕ್ಕೆ ಹೋಗಿ, ಅಲ್ಲಿ ಸಿಕ್ಕಿಹಾಕಿಕೊಂಡು, ಊರಿಗೆ ಕರೆಸಿಕೊಳ್ಳಿ ಎಂದು ಕಾಗದದ ಮೇಲೆ ಕಾಗದ ಬರೆಯುತ್ತಾಳೆ. ಉತ್ತರ ಬರುವುದಿಲ್ಲ. ಹೇಗೋ ಮರಳಿ ಬಂದು ನಾಟಕ ಬರೆದು ಹೊಟ್ಟೆ ಹೊರೆಯುತ್ತಾಳೆ. ಕೊನೆಯ ದೃಶ್ಯದಲ್ಲಿ ದೊರೆಯ ಎದುರು ನಿಂತು, ಅವನು ಒಡೆದೂ ನೋಡದ ಕಾಗದಗಳನ್ನು ಒಂದೊಂದಾಗಿ ಅವನಿಗೇ ಓದಿ ಹೇಳುತ್ತಾಳೆ. ಆ ದೃಶ್ಯಕ್ಕಾಗಿಯೇ ನಾನು ಇಡೀ ನಾಟಕ ಬರೆದದ್ದು. ಅದು ರಂಗದ ಮೇಲೆ ಬಂದರೆ ಸಾಕು, ಜನ್ಮ ಸಾರ್ಥಕ.

ಅಲ್ಲಿಯ ತನಕ ಈ ದಿನಚರಿ ಬರೆಯುತ್ತೇನೆ. ಯಾರಿಗೂ ತೋರಿಸುವುದಿಲ್ಲ.

ಸೆಪ್ಟೆಂಬರ್ 6, ಶನಿವಾರ

ಇವತ್ತು ನಮ್ಮ ಅಲ್ ನಹ್ದಾದ ಫ್ಲ್ಯಾಟಿನಲ್ಲಿ ಮೊದಲ ಓದು. ಬಳಗದ ಕಾರ್ಯದರ್ಶಿ ಚಾಮರಾಜ ಎರಡು ತಟ್ಟೆ ಪಕೋಡ ಮುಗಿಸಿಕೊಂಡು ಕೇಳಲು ತಯಾರಾದರು. ಓದಿದವಳು ಆರನೆಯ ಮಹಡಿಯ ಎಮಿಲಿಯಾ. ಕಿನ್ನಿಗೋಳಿಯವಳು, ಆಸ್ಪತ್ರೆಯಲ್ಲಿ ನರ್ಸ್. ಮನೆಯಲ್ಲಿ ಕೊಂಕಣಿ, ಡ್ಯೂಟಿಯಲ್ಲಿ ಹಿಂದಿ, ನನ್ನ ಹತ್ತಿರ ಮಾತ್ರ ಕನ್ನಡ. ಹನ್ನೊಂದು ವರ್ಷದಿಂದ ಸಂಜೆಯ ಚಹಾ ನಾವಿಬ್ಬರೂ ಒಟ್ಟಿಗೆ ಕುಡಿದದ್ದೇ ಹೆಚ್ಚು. ಗೂಢಚಾರಿಣಿಯ ಪಾತ್ರವನ್ನು ನಾನು ಅವಳ ದನಿ ಕಿವಿಯಲ್ಲಿಟ್ಟುಕೊಂಡೇ ಬರೆದಿದ್ದೇನೆ.

ಮೊದಲ ದೃಶ್ಯ ಡಚೆಸ್ ತನ್ನ ಪುಸ್ತಕಕ್ಕೆ ದೊರೆಯ ಹೆಸರಿನಲ್ಲಿ ಅರ್ಪಣೆ ಬರೆಯುವುದು. ಆ ಕಾಲದಲ್ಲಿ ಯಾರೇ ಪುಸ್ತಕ ಬರೆದರೂ ಮುಂದುಗಡೆ ಒಬ್ಬ ದೊಡ್ಡ ಮನುಷ್ಯನ ಕಾಲಿಗೆ ಬೀಳಬೇಕಿತ್ತು. ನಾನು ಅದನ್ನು ಅಣಕಿಸಿ ಬರೆದಿದ್ದೇನೆ: "ಸೂರ್ಯನಿಗೆ ದೀಪ ಹಿಡಿದಂತೆ ಈ ಅಲ್ಪಳ ಅಕ್ಷರಗಳನ್ನು ತಮ್ಮ ಪಾದದ ಬಳಿ ಇಡುತ್ತಿದ್ದೇನೆ. ಇದರಲ್ಲಿ ಗುಣವೇನಾದರೂ ಇದ್ದರೆ ಅದು ತಮ್ಮದು. ದೋಷಗಳೆಲ್ಲ ನನ್ನವು." ಎಮಿಲಿಯಾ ಸೆರಗನ್ನು ಮುಸುಕಿನಂತೆ ಹಿಡಿದು, ಬಾಗಿ ಬಾಗಿ ಓದಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಒಳಗಿನಿಂದ ನನ್ನ ಮಗಳು ನಿಸರ್ಗ ಬಂದು, "ಅಮ್ಮಾ, ದಿಸ್ ಈಸ್ ಆಕ್ಚುಲಿ ಫನ್ನಿ" ಅಂದಳು. ಹದಿನಾಲ್ಕು ವರ್ಷದ ಹುಡುಗಿಯ ಬಾಯಲ್ಲಿ ಇದು ಜ್ಞಾನಪೀಠಕ್ಕೆ ಸಮ.

ಕೊನೆಯ ದೃಶ್ಯದ ಕಾಗದಗಳನ್ನು ಎಮಿಲಿಯಾ ನಿಧಾನವಾಗಿ, ಒಂದೊಂದಾಗಿ ಓದಿದಳು. ಎಲ್ಲ ಹೋದ ಮೇಲೆ ಲೋಟ ತೊಳೆಯುತ್ತ ಕೇಳಿದಳು, "ಅವಳು ಅಷ್ಟು ಬರೆದದ್ದು ಅವ ಓದಲೇ ಇಲ್ಲ ಅಲ್ವಾ? ಓದಿ ಆಗುದಿಲ್ಲ ಅಂತ ಹೇಳಿದ್ರೆ ಆದ್ರೂ ಆಗ್ತಿತ್ತು ಮಾರಾಯ್ತಿ. ಕಾಯುದು ಒಂದು ತಪ್ತಿತ್ತು."

ನನ್ನ ನಾಟಕ ಎಂದಾದರೂ ಪುಸ್ತಕವಾದರೆ ಅರ್ಪಣೆಯ ಪುಟವನ್ನು ಖಾಲಿ ಬಿಡುತ್ತೇನೆ. ಇದು ಶಪಥ.

ಸೆಪ್ಟೆಂಬರ್ 14, ಭಾನುವಾರ

ಪ್ರಾಯೋಜಕ ಸಿಕ್ಕಿದ್ದಾನಂತೆ. ಪುರಂದರ ಎಂಬಾತ. ಕಟ್ಟಡಗಳ ಏಸಿ ನೋಡಿಕೊಳ್ಳುವ ದೊಡ್ಡ ಕಂಪನಿಯ ಮಾಲೀಕ, ಮನೆ ಅಬುಧಾಬಿಯಲ್ಲಿ, ಕೆಲಸಗಾರರು ಮುಹೈಸ್ನಾದಲ್ಲಿ. ಊದ್ ಮೇಥಾದ ಶಾಲೆಯ ಸಭಾಂಗಣ, ಊಟ, ಬ್ಯಾನರು, ಎಲ್ಲ ಆತನ ಲೆಕ್ಕದಲ್ಲಿ. ಪ್ರತಿಯಾಗಿ ಒಂದೇ ಒಂದು ಷರತ್ತು. ದೊರೆಯ ಪಾತ್ರ ಆತನೇ ಮಾಡಬೇಕು.

ಚಾಮರಾಜ ನಡೆದದ್ದನ್ನು ಹೇಳಿದರು. ಪಾತ್ರದ ಹೆಸರು ಕೇಳಿ ಪುರಂದರ, "ಎರಡನೇ ಚಾರ್ಲ್ಸ್ ಎಂತಕ್ಕೆ ಮಾರ್ರೆ? ಒಂದನೇ ಚಾರ್ಲ್ಸೇ ಮಾಡುವ" ಅಂದನಂತೆ. "ಒಂದನೆಯವನ ತಲೆ ಕಡಿದುಬಿಟ್ರು ಸಾರ್" ಎಂದು ಇವರು ತಿಳಿಸಿದ್ದಾರೆ. ಕುತ್ತಿಗೆ ಸವರಿಕೊಂಡು, "ಹಾಗಾದ್ರೆ ಎರಡನೇ ಇರ್ಲಿ" ಅಂದನಂತೆ.

ನನಗೆ ಮೈ ಉರಿಯಿತು. ಸಾಹಿತ್ಯದ ಗಂಧವಿಲ್ಲದ ಮನುಷ್ಯ. "ಆಗಲ್ಲ ಅಂತ ಹೇಳಿ" ಅಂದೆ. ಚಾಮರಾಜ ತಲೆ ಕೆರೆದುಕೊಂಡು, "ಹೇಳಬಹುದು ಮೇಡಂ. ಆಮೇಲೆ ನಾಟಕವನ್ನ ನಿಮ್ಮ ಬಿಲ್ಡಿಂಗಿನ ಪಾರ್ಕಿಂಗಲ್ಲಿ ಆಡಬೇಕಾಯ್ತದೆ" ಅಂದರು. ಸರಿ, ಕುಣಿಯಲಿ. ದೊರೆಗೆ ಇರುವುದೇ ಆರು ಮಾತು, ಅದರಲ್ಲಿ ಎರಡು ನಾಯಿಗಳ ಬಗ್ಗೆ.

ಸೆಪ್ಟೆಂಬರ್ 27, ಶನಿವಾರ

ಪುರಂದರ ತಾಲೀಮಿಗೆ ಬಂದರು. ನಾನು ಎಣಿಸಿದಷ್ಟು ಒರಟರಲ್ಲ. ಎಲ್ಲರಿಗೂ ಶವರ್ಮಾ ತರಿಸಿದರು. ಚರಿತ್ರೆಯ ಪ್ರಕಾರ ದೊರೆಗೆ ನಾಯಿ ಎಂದರೆ ಪ್ರಾಣ ಎಂದು ವಿವರಿಸಿದೆ. "ನಾಯಿ ಬೇಡ ಮೇಡಂ. ಈ ದೇಶಕ್ಕೆ ಗಿಡುಗ ಚಂದ. ಕೈ ಮೇಲೆ ಗಿಡುಗ ಕೂತ್ರೆ ಒಂದು ಗತ್ತು ಉಂಟಲ್ಲ?" ಅಂದರು. ಒಣ ಹುಲ್ಲು ತುಂಬಿದ ಗಿಡುಗವೊಂದು ಅವರ ಕಾರಿನ ಡಿಕ್ಕಿಯಲ್ಲಿ ಆಗಲೇ ಸಿದ್ಧವಿತ್ತು. ಯೋಚಿಸಿದರೆ ಇದರಲ್ಲೂ ಒಂದು ಸ್ಥಳೀಯತೆ ಇದೆ.

ಮೊದಲ ದೃಶ್ಯದಲ್ಲಿ ದೊರೆ ಇಲ್ಲವೇ ಇಲ್ಲ ಎಂದು ಅವರ ಆಕ್ಷೇಪ. ಡಚೆಸ್ ಒಬ್ಬಳೇ ಕೂತು ಅರ್ಪಣೆ ಬರೆಯುತ್ತಾಳೆ, ಜನ ಯಾರನ್ನು ನೋಡಬೇಕು? ನ್ಯಾಯವಾದ ಪ್ರಶ್ನೆಯೇ. ಆ ದೃಶ್ಯ ತೆಗೆದೆ. ಈಗ ನಾಟಕ ದೊರೆಯ ಪ್ರವೇಶದಿಂದಲೇ ಶುರು. ಬಿಗಿಯಾಯಿತು.

ಎಮಿಲಿಯಾ ಮಾತ್ರ, "ಅದಲ್ವಾ ಎಲ್ಲ ನಗಾಡಿದ್ದು?" ಅಂದಳು. ರಂಗದ ಒಳಸುಳಿ ಅವಳಿಗೆ ಹೇಗೆ ಗೊತ್ತಾಗಬೇಕು.

ಅಕ್ಟೋಬರ್ 5, ಭಾನುವಾರ

ಸಂಜೆ ಎಮಿಲಿಯಾ ಚಹಾಕ್ಕೆ ಬಂದಾಗ ಮುಖ ಸಪ್ಪೆಯಾಗಿತ್ತು. ಅವಳ ತಮ್ಮ ಫ್ಲಾಯ್ಡ್ ಪುರಂದರ ಅವರ ಕಂಪನಿಯಲ್ಲೇ ಏಸಿ ಟೆಕ್ನಿಶಿಯನ್, ಮುಹೈಸ್ನಾದ ಕ್ಯಾಂಪಿನಲ್ಲಿ ಇರುತ್ತಾನೆ. ಅವನ ಮದುವೆ ಶೆರಿಲ್ ಎಂಬ ಹುಡುಗಿಯ ಜೊತೆ ನಿಶ್ಚಯವಾಗಿ ವರ್ಷವಾಗುತ್ತ ಬಂತು. ರಜೆ ಸಿಗದೆ ಎರಡು ಸಲ ದಿನ ಮುಂದೆ ಹೋಗಿದೆ. ಈಗ ನವೆಂಬರ್ ಇಪ್ಪತ್ತಾರು ಎಂದು ಗೊತ್ತು ಮಾಡಿದ್ದಾರೆ, ಹಿಂದಿನ ದಿನ ರೋಸ್, ಅಂದರೆ ಮದುಮಗನಿಗೆ ತೆಂಗಿನ ಹಾಲು ಹಚ್ಚುವ ಅವರ ಶಾಸ್ತ್ರ.

"ಅದು ದಾಟಿದ್ರೆ ಆಗಮನ ಕಾಲ ಸುರು ಆಗ್ತದೆ, ಕ್ರಿಸ್ಮಸ್ ತನಕ ಇಗರ್ಜಿಯಲ್ಲಿ ಮದುವೆ ಇಲ್ಲ" ಅಂದಳು ಎಮಿಲಿಯಾ. "ಡಿಸೆಂಬರಲ್ಲಿ ಶೆರಿಲ್ ಐರ್ಲೆಂಡಿಗೆ ಹೋಗ್ಬೇಕು, ಅವಳ ನರ್ಸಿಂಗ್ ಕೆಲಸ. ಹೋದ್ರೆ ಎರಡು ವರ್ಷ ಬರ್ಲಿಕ್ಕಿಲ್ಲ. ಅವಳ ಅಪ್ಪ ಹೇಳಿದ್ದಾರೆ, ಈ ಸಲ ಆಗದಿದ್ರೆ ಖಲಾಸ್, ಬೇರೆ ಹುಡುಗನ್ನ ನೋಡ್ತೇವೆ ಅಂತ. ಫ್ಲಾಯ್ಡ್ ಮೂರು ಸಲ ರಜೆಗೆ ಬರೆದಾಯ್ತು. ಇಲ್ಲ ಅಂತಲೂ ಹೇಳುದಿಲ್ಲ, ಹೌದು ಅಂತಲೂ ಇಲ್ಲ. ಫೈಲ್ ಸರ್ ಟೇಬಲಲ್ಲಿ ಉಂಟಂತೆ. ನೀನು ಒಂದು ಮಾತು ಹೇಳ್ತೀಯಾ?"

ಖಂಡಿತ ಹೇಳುತ್ತೇನೆ ಅಂದೆ. ಅವಳ ಕೈ ಹಿಡಿದುಕೊಂಡು ಹೇಳಿದೆ. ಇಷ್ಟೂ ಮಾಡದಿದ್ದರೆ ಸ್ನೇಹಕ್ಕೆ ಏನು ಬೆಲೆ.

ಅಕ್ಟೋಬರ್ 12, ಭಾನುವಾರ

ಅಬುಧಾಬಿಯಲ್ಲಿ ಪುರಂದರ ಅವರ ಮನೆಯಲ್ಲಿ ಊಟ. ಕೋರಿ ರೊಟ್ಟಿ, ಬಂಗುಡೆ, ಸಸ್ಯಾಹಾರಿಗಳಾದ ನಮಗೆ ಬೇರೆಯೇ ಪಾತ್ರೆಯಲ್ಲಿ ಮಾಡಿಸಿದ ಪತ್ರೊಡೆ. ಎಷ್ಟು ಸೂಕ್ಷ್ಮ ನೋಡಿ. ರಘುನಂದನ ನಾಲ್ಕನೆಯ ಸಲ ಹಾಕಿಸಿಕೊಂಡು, "ದೊರೆ ಪರವಾಗಿಲ್ಲ ಕಣೆ" ಅಂದ.

ಊಟವಾದ ಮೇಲೆ ಪುರಂದರ ಅವರು ನಾಟಕವನ್ನು ಜನವರಿಯಲ್ಲಿ ಅಬುಧಾಬಿಯಲ್ಲೂ ಆಡಿಸುವುದಾಗಿ, ಪುಸ್ತಕವಾಗಿ ಅಚ್ಚು ಹಾಕಿಸುವುದಾಗಿ ಹೇಳಿದರು. ನನ್ನ ಪುಸ್ತಕ. ಕಿವಿ ಬಿಸಿಯಾಯಿತು. ಫ್ಲಾಯ್ಡ್ ವಿಷಯ ಎತ್ತಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು, "ಮೇಡಂ, ದೊರೆ ಅಂದ್ರೆ ಕೊಡುವವ. ಕೊನೆಗೆ ನಂದೊಂದು ಗಟ್ಟಿ ಡೈಲಾಗ್ ಬೇಕು, ಜನ ಸಿಳ್ಳೆ ಹೊಡಿಯುವ ಹಾಗೆ" ಅಂದರು. ಅಲ್ಲೇ ಕೂತು ಬರೆದುಕೊಟ್ಟೆ. ದೊರೆ ಗೂಢಚಾರಿಣಿಗೆ, "ಬೇಡು, ನಿನಗೇನು ಬೇಕು?" ಎನ್ನುತ್ತಾನೆ. ಅವಳು, "ಪ್ರಭುಗಳ ದರ್ಶನವೇ ಸಾಕು" ಎನ್ನುತ್ತಾಳೆ. ದೊರೆ ಮುತ್ತಿನ ಹಾರ ತೊಡಿಸಿ, "ನೀನು ಕೇಳಿದ್ದನ್ನು ಕೊಟ್ಟಿದ್ದೇನೆ. ಈ ಸಭೆಯೇ ಸಾಕ್ಷಿ. ಕೊಟ್ಟ ಮಾತಿಗೆ ತಪ್ಪುವ ದೊರೆ ನಾನಲ್ಲ" ಎಂದು ಘರ್ಜಿಸುತ್ತಾನೆ.

ಅವಳು ಏನನ್ನೂ ಕೇಳಿಲ್ಲವಲ್ಲ, ಕೊಡುವುದೇನನ್ನು ಎಂದು ಕಾರಿನಲ್ಲಿ ರಘುನಂದನ ಕೇಳಿದ. ಇಂಜಿನಿಯರುಗಳಿಗೆ ಕಾವ್ಯ ತಿಳಿಯುವುದಿಲ್ಲ. ಫ್ಲಾಯ್ಡ್ ವಿಷಯ ಮುಂದಿನ ಸಲ. ಉಂಡ ಮನೆಯಲ್ಲಿ ಕೈ ಒಣಗುವ ಮುಂಚೆ ಬೇಡುವುದು ಚೆನ್ನಾಗಿರುವುದಿಲ್ಲ.

ಅಕ್ಟೋಬರ್ 25, ಶನಿವಾರ

ಕಾಗದ ಓದುವ ದೃಶ್ಯ ಉದ್ದವಾಯಿತು ಎಂದು ಎಲ್ಲರ ಅಭಿಪ್ರಾಯ. ಎಲ್ಲರೂ ಎಂದರೆ ಪುರಂದರ ಅವರು. ಅವಳು ಓದುವಷ್ಟು ಹೊತ್ತೂ ದೊರೆ ಸುಮ್ಮನೆ ಗಿಡುಗ ಹಿಡಿದುಕೊಂಡು ನಿಂತಿರಬೇಕು, ಅವರಿಗೆ ಭುಜ ನೋಯುತ್ತದೆ. ಒಂದೇ ಕಾಗದ ಉಳಿಸಿದೆ. ಒಂದು ಅಗುಳು ಹಿಸುಕಿದರೆ ಅನ್ನ ಬೆಂದದ್ದು ತಿಳಿಯುತ್ತದೆ.

ನವೆಂಬರ್ 8, ಶನಿವಾರ

ಆ ಒಂದು ಕಾಗದವನ್ನೂ ತೆಗೆದೆ. ಯಾರೂ ಹೇಳಲಿಲ್ಲ, ನನಗೇ ಅನಿಸಿತು. ಉಣಿಸುವ ಕೈಯನ್ನು ಕಚ್ಚುವಂತೆ ಇತ್ತು ಅದು. ಗೂಢಚಾರಿಣಿ ಈಗ ಬಂದು, ಬಾಗಿ, ಪುಸ್ತಕ ಒಪ್ಪಿಸಿ, ಹಾರ ಹಾಕಿಸಿಕೊಂಡು ಹೋಗುತ್ತಾಳೆ. ಮೌನದಲ್ಲಿ ಹೆಚ್ಚು ಅರ್ಥ ಇರುತ್ತದೆ.

ಎಮಿಲಿಯಾಳ ಮೆಸೇಜುಗಳು ಬಂದು ಕೂತಿವೆ. ತೆರೆದರೆ ನೀಲಿ ಗೆರೆ ಬೀಳುತ್ತದೆ, ಉತ್ತರ ಕೊಡಬೇಕಾಗುತ್ತದೆ. ಪುರಂದರಣ್ಣ ಈಗ ತಾಲೀಮಿನ ಒತ್ತಡದಲ್ಲಿದ್ದಾರೆ, ಪ್ರದರ್ಶನ ಮುಗಿಯಲಿ. ಮೂರು ವಾರದಿಂದ ಚಹಾವನ್ನು ಆಫೀಸಿನಲ್ಲೇ ಕುಡಿದು ಬರುತ್ತಿದ್ದೇನೆ, ಯಾವ ಕಾರಣಕ್ಕೂ ಅಲ್ಲ.

ನವೆಂಬರ್ 16, ಭಾನುವಾರ

ಲಿಫ್ಟಿನಲ್ಲಿ ಸಿಕ್ಕಿದಳು. ಅವಳ ಕೈಯಲ್ಲಿ ತರಕಾರಿಯ ಚೀಲ, ನನ್ನ ಕೈಯಲ್ಲಿ ದೊರೆಯ ವಿಗ್ಗು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ.

"ಹೇಳಿದ್ಯಾ?" ಅಂದಳು.

"ಹೇಳ್ತೀನಿ ಎಮಿಲಿಯಾ. ಅವರ ಮೂಡ್ ನೋಡ್ಕೊಂಡು ಹೇಳ್ಬೇಕು. ಪ್ರೋಗ್ರಾಮ್ ಆಗ್ಲಿ."

"ಪ್ರೋಗ್ರಾಮ್ ಇಪ್ಪತ್ತೆರಡಕ್ಕೆ. ರೋಸ್ ಇಪ್ಪತ್ತೈದಕ್ಕೆ. ಅಮ್ಮ ಹಾಲ್ ಬುಕ್ ಮಾಡಿ, ಬ್ಯಾಂಡಿಗೂ ಹೇಳಿ ಆಗಿದೆ. ಆಗುದಿಲ್ಲಂದ್ರೆ ಆಗುದಿಲ್ಲ ಅಂತ ಹೇಳು ಪ್ರಾರ್ಥನಾ. ನಾನು ಬೇರೆ ದಾರಿ ನೋಡ್ತೇನೆ. ಮೆಸೇಜ್ ಓದದೆ ಇಡ್ಬೇಡ."

ನನಗೆ ಕೋಪ ಬಂತು. ಈ ನಾಟಕಕ್ಕೆ ನಾನು ಏನೆಲ್ಲ ಬಿಟ್ಟುಕೊಟ್ಟಿದ್ದೇನೆ ಎಂದು ಇವಳಿಗೆ ಗೊತ್ತೆ? ಎಲ್ಲವನ್ನೂ ತನ್ನ ತಮ್ಮನ ಮದುವೆಯಿಂದಲೇ ಅಳೆಯುತ್ತಾಳೆ. "ಪಾತ್ರ ಮಾಡಕ್ಕೆ ಇಷ್ಟ ಇಲ್ಲ ಅಂದ್ರೆ ಈಗಲೇ ಹೇಳಿಬಿಡು" ಅಂದೆ.

"ನಾನು ಬರ್ತೇನೆ. ಒಪ್ಪಿಕೊಂಡದ್ದು ಒಪ್ಪಿಕೊಂಡದ್ದೇ" ಎಂದು ಆರನೆಯ ಮಹಡಿಯಲ್ಲಿ ಇಳಿದಳು. ಮನೆಗೆ ಬಂದು ಸಿಂಕಿನ ಮುಂದೆ ನಿಂತು ಅತ್ತೆ. ಯಾಕೆಂದು ತಿಳಿಯಲಿಲ್ಲ. ಬಹುಶಃ ಆಯಾಸ.

ನವೆಂಬರ್ 23, ಭಾನುವಾರ

ನಿನ್ನೆ ನಡೆದದ್ದನ್ನು ಕ್ರಮವಾಗಿ ಬರೆದಿಡಬೇಕು.

ಸಂಜೆ ಐದಕ್ಕೆ ಶುರುವಾಗಬೇಕಿದ್ದ ಕಾರ್ಯಕ್ರಮ ಆರೂವರೆಗೆ ಶುರುವಾಯಿತು. ಮೊದಲು ದೀಪ, ಆಮೇಲೆ ನಾಡಗೀತೆ, ಆಮೇಲೆ ಸನ್ಮಾನ. ನಮ್ಮವರಿಗೆ ಸನ್ಮಾನ ಎಂದರೆ ಗೊತ್ತಲ್ಲ, ಕೊಟ್ಟವರಿಗೂ ಸನ್ಮಾನ, ತೆಗೆದುಕೊಂಡವರಿಗೂ ಸನ್ಮಾನ, ಹಣ್ಣಿನ ಬುಟ್ಟಿ ಹೊತ್ತು ತಂದವರನ್ನೂ ಬರಿಗೈಲಿ ಕಳಿಸುವಂತಿಲ್ಲ. ಸಭಾಂಗಣ ಹತ್ತಕ್ಕೆ ಬಿಟ್ಟುಕೊಡಬೇಕು. ಒಂಬತ್ತಾದರೂ ಶಾಲುಗಳು ಮುಗಿಯಲಿಲ್ಲ. ಕೊನೆಗೆ ಪುರಂದರಣ್ಣನ ಸರದಿ. ಅವರು ಆಗಲೇ ವೇಷದಲ್ಲಿದ್ದರು. ಭುಜದವರೆಗೆ ಇಳಿಬಿದ್ದ ಗುಂಗುರು ವಿಗ್ಗಿನ ಮೇಲೆಯೇ ಚಾಮರಾಜ ಮೈಸೂರು ಪೇಟ ಕೂರಿಸಿದರು. ತೆಗೆಯಲು ಅವರು ಒಪ್ಪಲಿಲ್ಲ. ಇಂಗ್ಲೆಂಡಿನ ದೊರೆ ಜರಿ ಪೇಟ ಕಟ್ಟಿ, ಎಡಗೈಯಲ್ಲಿ ಗಿಡುಗ ಹಿಡಿದು ಸಿಂಹಾಸನ ಏರಿದರು. ಚೆನ್ನಾಗಿಯೇ ಕಾಣುತ್ತಿದ್ದರು, ಸುಳ್ಳೇಕೆ.

ಹಿಂದಿನ ಸಾಲುಗಳಲ್ಲಿ ಅಣ್ಣನ ಕಂಪನಿಯ ಕೆಲಸಗಾರರಿದ್ದರು. ಸಭೆ ತುಂಬಲಿ, ಚಪ್ಪಾಳೆ ಬರಲಿ ಎಂದು ಮುಹೈಸ್ನಾದಿಂದ ಬಸ್ಸು ಮಾಡಿ, ಬಿರಿಯಾನಿ ಕೊಟ್ಟು ಕೂರಿಸಿದ್ದರು. ಫ್ಲಾಯ್ಡ್ ಕೂಡ ಅಲ್ಲೇ ಎಲ್ಲೋ ಇದ್ದ.

ಹೊತ್ತಿಲ್ಲ, ಕೊನೆಯ ದೃಶ್ಯ ಮಾತ್ರ ಆಡಿ ಎಂದು ಚಾಮರಾಜ ಪಕ್ಕದ ಪರದೆಯ ಹಿಂದೆ ಬಂದು ಹೇಳಿದರು. ಹಾಗಾಗಿ ನಾಟಕ ದೊರೆಯ ಕೊಡುಗೆಯಿಂದಲೇ ಶುರುವಾಯಿತು. ಡಚೆಸ್ ಪಾತ್ರಧಾರಿ ಮೇಕಪ್ಪು ಅಳಿಸಿ ಊಟಕ್ಕೆ ಹೋದಳು. ನಾನು ಪರದೆಯ ಮರೆಯಲ್ಲಿ ನಿಂತು ಮಾತು ಎತ್ತಿಕೊಡುತ್ತಿದ್ದೆ.

ಎಮಿಲಿಯಾ ನೀಲಿ ನಿಲುವಂಗಿಯಲ್ಲಿ ಬಂದಳು, ಬಾಗಿದಳು, ಪುಸ್ತಕ ಒಪ್ಪಿಸಿದಳು. ಅಣ್ಣ, "ಬೇಡು, ನಿನಗೇನು ಬೇಕು?" ಅಂದರು.

ಅವಳು ನನ್ನ ಕಡೆ ನೋಡಲಿಲ್ಲ. ರೋಗಿಗೆ ಮಾತ್ರೆಯ ಹೊತ್ತು ಹೇಳುವ ದನಿಯಲ್ಲಿ, "ಪ್ರಭುಗಳೇ, ನನ್ನ ತಮ್ಮ ಫ್ಲಾಯ್ಡನಿಗೆ ರಜೆ ಬೇಕು. ಮಂಗಳವಾರ ಅವನ ರೋಸ್, ಬುಧವಾರ ಮದುವೆ. ಅವನು ನಿಮ್ಮ ಕಂಪನಿಯಲ್ಲೇ ಇದ್ದಾನೆ. ಮೂರು ಸಲ ಬರೆದಿದ್ದಾನೆ, ನೀವು ಓದಿಲ್ಲ" ಅಂದಳು.

ಮುಂದಿನ ಸಾಲಿನ ಗಣ್ಯರು ನಕ್ಕರು. ಹಿಂದಿನ ಸಾಲುಗಳಲ್ಲಿ ಒಬ್ಬನೂ ನಗಲಿಲ್ಲ. ನಾನು, "ದರ್ಶನವೇ ಸಾಕು, ದರ್ಶನವೇ ಸಾಕು" ಎಂದು ಪಿಸುಗುಟ್ಟುತ್ತಲೇ ಇದ್ದೆ. ಅವಳಿಗೆ ಕೇಳಿಸಿರಬೇಕು.

ಆದರೆ ಅಣ್ಣ ಮುಖದ ಒಂದು ಗೆರೆಯೂ ಅಲುಗಿಸಲಿಲ್ಲ. ಎರಡು ತಿಂಗಳ ತಾಲೀಮಿನಲ್ಲಿ ನಾನು ನೋಡಿದ್ದೇನೆ, ಅವರು ಇತರರ ಮಾತು ಕೇಳಿಸಿಕೊಳ್ಳುವುದಿಲ್ಲ. ಎದುರಿನವರ ತುಟಿ ನಿಂತಿತೇ ಎಂದು ಮಾತ್ರ ನೋಡುತ್ತಾರೆ, ನಿಂತರೆ ತಮ್ಮ ಮಾತು. ಎಮಿಲಿಯಾಳ ತುಟಿ ನಿಂತಿತು. ಅವರು ಎದ್ದು, ಮುತ್ತಿನ ಹಾರ ತೊಡಿಸಿ, ಗಿಡುಗವನ್ನು ಮೇಲಕ್ಕೆತ್ತಿ, ಮೈಕು ಕಿರುಗುಟ್ಟುವಂತೆ ಘರ್ಜಿಸಿದರು: "ನೀನು ಕೇಳಿದ್ದನ್ನು ಕೊಟ್ಟಿದ್ದೇನೆ. ಈ ಸಭೆಯೇ ಸಾಕ್ಷಿ. ಕೊಟ್ಟ ಮಾತಿಗೆ ತಪ್ಪುವ ದೊರೆ ನಾನಲ್ಲ."

ಹಿಂದಿನ ಸಾಲುಗಳು ಎದ್ದು ನಿಂತವು. ಅಂಥ ಸಿಳ್ಳೆಯನ್ನು ನಾನು ಜನ್ಮದಲ್ಲಿ ಕೇಳಿಲ್ಲ. ಫೋನುಗಳೆಲ್ಲ ಮೇಲಿದ್ದವು, ಎಲ್ಲದರಲ್ಲೂ ರೆಕಾರ್ಡಾಗಿತ್ತು. ಅಣ್ಣ ಎರಡು ಸಲ ಬಾಗಿದರು. ಎರಡನೆಯ ಸಲ ಪೇಟ ಬಿತ್ತು, ವಿಗ್ಗನ್ನೂ ಕರೆದುಕೊಂಡು ಹೋಯಿತು.

ಏನು ಕೊಟ್ಟೆ ಎಂಬುದು ಅವರಿಗೆ ತಿಳಿದದ್ದು ಗ್ರೀನ್ ರೂಮಿನಲ್ಲಿ, ಚಾಮರಾಜ ಹೇಳಿದ ಮೇಲೆ. ಮುಖ ಕೆಂಪಾಯಿತು. "ಆ ಡೈಲಾಗ್ ಬರ್ದದ್ದು ಯಾರು?" ಅಂದರು.

ಎಲ್ಲರೂ ನನ್ನನ್ನು ನೋಡಿದರು. "ನಾನಲ್ಲ ಅಣ್ಣ" ಅಂದೆ. "ನನಗೆ ಸಂಬಂಧವೇ ಇಲ್ಲ. ಎಮಿಲಿಯಾ ತಾನೇ ಹೇಳಿಬಿಟ್ಟಳು."

ಎಮಿಲಿಯಾ ಹಾರ ತೆಗೆದು ಮೇಜಿನ ಮೇಲಿಟ್ಟಳು. "ಹೌದು ಸಾರ್, ನಾನೇ. ಅವಳಿಗೆ ಗೊತ್ತಿಲ್ಲ" ಅಂದಳು. ನನ್ನ ಮೇಲೆ ಯಾವ ತಪ್ಪೂ ಬರದಂತೆ ಅವಳು ಹಾಗೆ ಹೇಳಿದ್ದು ಒಳ್ಳೆಯದಾಯಿತು. ಆದರೂ ನಿದ್ದೆ ಬರಲಿಲ್ಲ.

ನವೆಂಬರ್ 24, ಸೋಮವಾರ

ದೇವರು ದೊಡ್ಡವನು. ನಿನ್ನೆ ಮಧ್ಯಾಹ್ನದ ಹೊತ್ತಿಗೆ ವಿಡಿಯೋ ಎಲ್ಲೆಲ್ಲೂ ಹರಡಿತ್ತು. "ರಂಗದ ಮೇಲೆಯೇ ಕಾರ್ಮಿಕನಿಗೆ ಮದುವೆ ರಜೆ ಕೊಟ್ಟ ಮಾಲೀಕ" ಎಂದು ಊರಿನ ಪತ್ರಿಕೆಗಳವರೂ ಅಣ್ಣನಿಗೆ ಫೋನ್ ಮಾಡಿದರಂತೆ. ಇನ್ನು ಕೊಡದೆ ದಾರಿಯುಂಟೆ? ರಜೆಯ ಜೊತೆಗೆ ಟಿಕೆಟ್ಟೂ ಕೊಟ್ಟರು. ಫ್ಲಾಯ್ಡ್ ನಿನ್ನೆ ರಾತ್ರಿಯೇ ಮಂಗಳೂರಿನ ವಿಮಾನ ಹತ್ತಿದ, ಎಮಿಲಿಯಾ ಕೂಡ ಹೋದಳು. ಬಳಗದ ಗುಂಪಿಗೆ ಒಂದು ಟಿಪ್ಪಣಿ ಬರೆದುಕೊಡಿ ಎಂದು ಅಣ್ಣ ಕೇಳಿದರು. "ನೌಕರರ ಮನದ ಮಾತನ್ನು ಹೇಳುವ ಮೊದಲೇ ಆಲಿಸುವ ಹೃದಯ" ಎಂದು ಬರೆದೆ. ಅವರಿಗೆ ಬಹಳ ಹಿಡಿಸಿತು.

ನನಗೂ ಅಭಿನಂದನೆಗಳ ಸುರಿಮಳೆ. ರಂಗಭೂಮಿ ಮತ್ತು ಬದುಕಿನ ಗೋಡೆ ಒಡೆದ ಧೀರ ಸಾಹಿತಿ ಎಂದು ಯಾರೋ ಬರೆದಿದ್ದಾರೆ. ಅಣ್ಣ ಕೂಡ, "ಮೊನ್ನೆ ಹೆದರಿ ನೀವು ಬರ್ದದ್ದಲ್ಲ ಅಂದ್ರಿ ಅಲ್ವಾ? ನನಗೆ ಗೊತ್ತುಂಟು, ಇದು ನಿಮ್ಮದೇ ಐಡಿಯಾ" ಅಂದರು. ಅಲ್ಲ ಎಂದು ವಾದ ಮಾಡಿದರೆ ಅವರ ಮಾತಿಗೆ ಎದುರಾಡಿದಂತೆ. ಅಲ್ಲದೆ ಗೂಢಚಾರಿಣಿ ದೊರೆಯ ಎದುರು ನಿಂತು ತನ್ನ ಕಾಗದಗಳ ಮಾತೆತ್ತಬೇಕು ಎಂಬುದು ಮೂಲದಲ್ಲಿ ನನ್ನ ಕಲ್ಪನೆಯೇ ತಾನೆ.

ರಘುನಂದನ ಎಲ್ಲ ಕೇಳಿ, "ಹಾಗಾದ್ರೆ ಎಮಿಲಿಯಾ ಏನು ಬರೆದದ್ದು?" ಅಂದ. ಟೀವಿ ನೋಡು ಅಂದೆ.

ನವೆಂಬರ್ 26, ಬುಧವಾರ

ಇವತ್ತು ಫ್ಲಾಯ್ಡನ ಮದುವೆ. ಎಮಿಲಿಯಾಳ ಸ್ಟೇಟಸ್ಸಿನಲ್ಲಿ ಫೋಟೋ ನೋಡಿದೆ. ರೋಸಿನ ದಿನ ಅವನ ತಲೆ ಮೇಲೆ ತೆಂಗಿನ ಹಾಲು ಸುರಿಯುತ್ತ ಅವಳು ಬಾಯಿ ತುಂಬ ನಗುತ್ತಿದ್ದಳು. ನನಗೆ ಬೇರೆಯಾಗಿ ಕಳಿಸಿಲ್ಲ. ಶುಭಾಶಯ ಎಂದು ಬರೆದೆ. ಎರಡು ಗೆರೆ ಬಿದ್ದಿವೆ. ನೀಲಿಯಾಗಿಲ್ಲ.

ಜನವರಿ 10, 2026, ಶನಿವಾರ

ಪುಸ್ತಕ ಬಂತು. ಮೂಸಿ ನೋಡಿದೆ, ಹೊಸ ಕಾಗದದ ವಾಸನೆ. ರಕ್ಷಾಪುಟದ ಮೇಲೆ ಗಿಡುಗ ಹಿಡಿದ ಅಣ್ಣ, ಕೆಳಗೆ ನನ್ನ ಹೆಸರು. ಅಕ್ಷರ ಸ್ವಲ್ಪ ಸಣ್ಣದಾಯಿತು, ಆದರೆ ಕನ್ನಡಕ ಹಾಕಿದರೆ ಕಾಣುತ್ತದೆ. ಎಮಿಲಿಯಾ ಹೇಳಿದ ಮಾತುಗಳನ್ನೂ ಕೊನೆಯ ದೃಶ್ಯದಲ್ಲಿ ಸೇರಿಸಿದ್ದೇನೆ, ಜನ ಅದನ್ನೇ ಹುಡುಕುತ್ತಾರೆ. ಅಬುಧಾಬಿ ಪ್ರದರ್ಶನಕ್ಕೆ ಬೇರೆ ನಟಿ ಗೊತ್ತಾಗಿದ್ದಾಳೆ. ಅವಳಿಗೆ ತಮ್ಮ ಇಲ್ಲ, ಅದೂ ಒಳ್ಳೆಯದೇ.

ಸಂಜೆ ಒಂದು ಪ್ರತಿ ಹಿಡಿದು ಆರನೆಯ ಮಹಡಿಗೆ ಹೋದೆ. ಊರಿಂದ ಬಂದ ಮೇಲೆ ಅವಳು ಒಂದು ಸಲವೂ ನಮ್ಮಲ್ಲಿಗೆ ಬಂದಿರಲಿಲ್ಲ. ಬಾಗಿಲು ತೆರೆದಳು, ಒಳಗೆ ಕರೆದಳು. ಸಿಟ್ಟು ತೋರಿಸಲಿಲ್ಲ. ತೋರಿಸಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಶೆರಿಲ್ ಐರ್ಲೆಂಡ್ ತಲುಪಿದಳಂತೆ, ಫ್ಲಾಯ್ಡ್ ಅಲ್ಲಿಗೆ ಹೋಗಲು ಕಾಗದಪತ್ರ ಹಾಕಿದ್ದಾನಂತೆ. ಚಹಾ ಇಟ್ಟಳು. ಎಷ್ಟು ದಿನವಾಗಿತ್ತು ಆ ಶುಂಠಿ ಚಹಾ ಕುಡಿದು. ಅವಳ ಎದುರು ಕೂತು ಕುಡಿಯುವಾಗ ನನಗೆ ಅಳು ಬರುವಂತಾಯಿತು.

ಅವಳು ಪುಸ್ತಕ ತೆರೆದಳು. ಅರ್ಪಣೆಯ ಪುಟ ಸಿಕ್ಕಿತು. ನಾಲ್ಕು ದಿನ ಕೂತು, ತಿದ್ದಿ ತಿದ್ದಿ ಬರೆದ ಪುಟ ಅದು. ಅವಳು ಗಟ್ಟಿಯಾಗಿ ಓದಿದಳು:

"ಸಾಹಿತ್ಯಪೋಷಕರೂ ಕರುಣಾಳುಗಳೂ ಆದ ಶ್ರೀ ಪುರಂದರ ಅವರಿಗೆ. ಸೂರ್ಯನಿಗೆ ದೀಪ ಹಿಡಿದಂತೆ ಈ ಅಲ್ಪಳ ಅಕ್ಷರಗಳನ್ನು ತಮ್ಮ ಪಾದದ ಬಳಿ ಇಡುತ್ತಿದ್ದೇನೆ. ಇದರಲ್ಲಿ ಗುಣವೇನಾದರೂ ಇದ್ದರೆ ಅದು ತಮ್ಮದು. ದೋಷಗಳೆಲ್ಲ ನನ್ನವು."

ಓದಿ ಮುಗಿಸಿ ನನ್ನ ಮುಖ ನೋಡಿದಳು. ನಾನು ನಗುತ್ತೇನೆ ಎಂದು ಕಾದಂತೆ ಇತ್ತು.

"ಇದು ಮೊದಲನೇ ಸೀನಿಂದು ಅಲ್ವಾ ಪ್ರಾರ್ಥನಾ?" ಅಂದಳು. "ನಿನ್ನ ಮನೆಯಲ್ಲಿ ನಾನು ಓದಿದ್ದು. ಎಲ್ಲ ನಗಾಡಿದ್ದು."

ಅವಳಿಗೆ ಏನೋ ಕಲಸಿಹೋಗಿದೆ. ಆ ದೃಶ್ಯವನ್ನು ನಾವು ಸೆಪ್ಟೆಂಬರಿನಲ್ಲೇ ತೆಗೆದುಹಾಕಿದ್ದೆವು.